ಪುಟ್ಟಗೌರಮ್ಮ ಹೇಳಿದ ಧಾರಾವಾಹಿ

ಮೊನ್ನೆ ಸಂಜೆ ನಮ್ಮ ಮನೆಯಲ್ಲಿ ಸಾರು ಸೀದ ವಾಸನೆ ಎದ್ದಿತು. ಹೆಂಡತಿ ಟಿವಿ ಬಿಟ್ಟು ಅಡುಗೆಮನೆಗೆ ಓಡಿದಳು. ನೀವು ಗಮನಿಸಿದ್ದೀರೋ ಇಲ್ಲವೋ, ಧಾರಾವಾಹಿಯ ಮನೆಗಳಲ್ಲಿ ಸಾರು ಸೀಯುವುದೇ ಇಲ್ಲ. ಅಲ್ಲಿಯ ಅತ್ತೆಯಂದಿರು ರೇಷ್ಮೆ ಸೀರೆ, ಸೊಂಟಕ್ಕೆ ಡಾಬು ಸಮೇತ ಮಲಗುತ್ತಾರೆ. ಒಲೆ ಹಚ್ಚಿದ್ದನ್ನು ಮಾತ್ರ ನಾನು ಕಾಣೆ.

ಲಗ್ಗೆರೆಯಲ್ಲಿ ಬಾಡಿಗೆಗಿದ್ದಾಗ ನಮ್ಮ ಮನೆ ಓನರ್ ಪುಟ್ಟಗೌರಮ್ಮ ಮಾಸಿದ ನೈಟಿಯ ಮೇಲೆ ಟವೆಲ್ ಹೊದ್ದು ಧಾರಾವಾಹಿ ನೋಡುತ್ತಿದ್ದರು. ಪೀಣ್ಯದ ಕಾರ್ಖಾನೆಯಿಂದ ಬಂದವನೇ ನಾನೂ ಪೇಪರ್ ಕೇಳುವ ನೆಪದಲ್ಲಿ ಕೆಳಗಿಳಿದು ಬಾಗಿಲ ಬಳಿ ಕೂರುತ್ತಿದ್ದೆ. ಗಂಡಸು ನೋಡಿ, ಎದುರಿಗೇ ಕೂತು ಅಳಲಿಕ್ಕಾಗುತ್ತದೆಯೇ? ಪೇಪರ್ ಮರೆಯಲ್ಲಿ ಅಳುತ್ತಿದ್ದೆ.

ಅವರ ಮಗ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಿದ್ದ. ಮನೆಯಲ್ಲಿ ಪುಟ್ಟಗೌರಮ್ಮ, ಸೊಸೆ ಸರಸು ಇಬ್ಬರೇ. ಸರಸು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಾಗ ದೊಡ್ಡ ರಾಮಾಯಣವೇ ಆಯಿತು.

"ಬಾಡಿಗೆ ಬರೋ ಮನೆ ಸೊಸೆ ಮಿಷನ್ ತುಳಿಯಾಕೆ ಓಯ್ತಾಳಂತೆ! ಜನ ನಮ್ ಮಕಕ್ಕೆ ಉಗೀತಾರೆ ಕಣೇ!"

"ಉಗಿಯೋರು ಉಗೀಲಿ ಬಿಡಿ ಅತ್ತೆ. ಮನೇಲಿ ಕೂತೂ ಕೂತೂ ನಂಗ್ ತಲೆ ಕೆಟ್ಟೋಗೈತೆ" ಎಂದು ಸರಸು ಹೊರಟೇಬಿಟ್ಟಳು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಧಾರಾವಾಹಿಯಾಗಿದ್ದರೆ ಗುಡುಗು ಸಿಡಿಲಿನ ಜೊತೆ ಇಬ್ಬರ ಮುಖವನ್ನೂ ಮತ್ತೆ ಮತ್ತೆ ತೋರಿಸುತ್ತಿದ್ದರು. ಇಲ್ಲಿ ತಟ್ಟೆ ಕುಕ್ಕಿದ ಸದ್ದು, ಅಷ್ಟೇ. ಸರಸು ಕೆಲಸ ಬಿಡಬೇಕು, ಇಲ್ಲವೇ ಮನೆ ಎರಡಾಗಬೇಕು ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಒಂದು ಸಂಜೆ ಸರಸು ಬರುವಷ್ಟರಲ್ಲಿ ಧಾರಾವಾಹಿ ಮುಗಿದಿತ್ತು. ಅವಳ ತಟ್ಟೆಗೆ ಮುದ್ದೆ ಇಡುತ್ತಾ ಪುಟ್ಟಗೌರಮ್ಮ ಗೋಡೆಗೆ ಹೇಳುವವರಂತೆ ಅಂದರು: "ಇವತ್ತು ಆ ಅತ್ತೆ ಸೊಸೆ ಕಾಲಿಗೆ ಎಣ್ಣೆ ತಿಕ್ಕಿದ್ಲು. ದಣ್ಕೊಂಡ್ ಬಂದಿದ್ಲು, ಪಾಪ."

ಇನ್ನೂ ಬಾಗಿಲ ಬಳಿಯೇ ಕೂತಿದ್ದ ನಾನು ಬೆಪ್ಪಾದೆ. ಆ ಅತ್ತೆ ಅಂದು ಸೊಸೆಯ ಪಾಯಸಕ್ಕೆ ವಿಷ ಬೆರೆಸಿದ್ದನ್ನು ಕಣ್ಣಾರೆ ಕಂಡಿದ್ದೆ!

"ನಿಜಾನಾ ಅಣ್ಣ?" ಎಂದಳು ಸರಸು. ಪುಟ್ಟಗೌರಮ್ಮ ನನ್ನನ್ನು ದುರುಗುಟ್ಟಿ ನೋಡಿದರು.

"ಹೂಂ, ಕೊಬ್ಬರಿ ಎಣ್ಣೆ" ಎಂದೆ.

ಆಮೇಲೆ ದಿನವೂ ಇದೇ. ಟಿವಿಯ ಅತ್ತೆ ಕೆಡುತ್ತಾ ಹೋದಂತೆ ಪುಟ್ಟಗೌರಮ್ಮನ ಕತೆಯ ಅತ್ತೆ ಒಳ್ಳೆಯವಳಾಗುತ್ತಾ ಹೋದಳು. ಸೊಸೆಗೆ ಸ್ನಾನಕ್ಕೆ ನೀರು ಕಾಯಿಸಿದಳು, ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಲಗ್ಗೆರೆಯ ಹಂಡೆಯಲ್ಲೂ ನೀರು ಕಾದಿರುತ್ತಿತ್ತು, ಬಾಗಿಲ ಬಳಿ ಡಬ್ಬಿಯೂ ಇರುತ್ತಿತ್ತು.

ಒಮ್ಮೆ ತಡೆಯಲಾರದೆ ಸರಸುವಿಗೆ ಅಸಲಿ ಕತೆ ಹೇಳಹೊರಟೆ. ಅವಳು ನಕ್ಕುಬಿಟ್ಟಳು. "ಗೊತ್ತು ಕಣಣ್ಣ. ಫ್ಯಾಕ್ಟರೀಲಿ ಊಟಕ್ಕೆ ಕೂತ್ರೆ ಹುಡ್ಗೀರೆಲ್ಲ ಅದೇ ಕತೆ ಹೇಳೋದು. ನೀವ್ ಸುಮ್ನಿರಿ, ನಮ್ಮತ್ತೆ ಹೇಳೋದೇ ಚೆನ್ನಾಗೈತೆ."

"ಅಷ್ಟರಲ್ಲಿ ಏನಾಯ್ತ್ರೀ?" ಮೊನ್ನೆ ಸೀದ ಸಾರು ಇಳಿಸುತ್ತಾ ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಟಿವಿಯಲ್ಲಿ ಗಂಡನೊಬ್ಬ ಹೆಂಡತಿಯನ್ನು ಮನೆಯಿಂದ ಹೊರದಬ್ಬುತ್ತಿದ್ದ.

"ಗಂಡ ಪಾತ್ರೆ ಉಜ್ಜಿಕೊಟ್ಟ ಕಣೇ" ಎಂದೆ.

ಒಳಗಿನಿಂದ ನಗು ಕೇಳಿಸಿತು. "ಹಾಗಾದ್ರೆ ಬನ್ನಿ, ತಳ ಹಿಡಿದ ಪಾತ್ರೆ ಕಾಯ್ತಾ ಇದೆ."

ಟಿವಿ ಆರಿಸಿ ಎದ್ದೆ.