ದಳವಾಯಿಯ ಕಾದಂಬರಿಗೆ ಬಿದ್ದ ತೀರ್ಪು

ಜಗಲಿಯಲ್ಲಿ ನಾವು ಐದು ಮಂದಿ ಇದ್ದೆವು. ಗೋಡೆಗೆ ಬೆನ್ನು ಕೊಟ್ಟು ಅಜ್ಜಿ, ಮೊರದಲ್ಲಿ ಮೆಣಸು ಕೇರುತ್ತ ಅವ್ವ, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಕೆಳಮನೆಯ ದೊಡ್ಡವ್ವ, ಬೆಳಕು ಚೆನ್ನಾಗಿ ಬೀಳುವ ಕಂಬದ ಹತ್ತಿರ ಪುಸ್ತಕ ಹಿಡಿದ ಅತ್ತೆ, ಅವಳ ಮೊಣಕಾಲಿಗೆ ಒರಗಿಕೊಂಡ ನಾನು. ಅತ್ತೆ ಎಂದರೆ ಅಪ್ಪನ ಕಿರಿಯ ತಂಗಿ. ಅಂಗಳದಲ್ಲಿ ಕಾಫಿ ಹರವಿತ್ತು. ಕಾದಂಬರಿ ಅಂದು ಮುಗಿಯುವುದಿತ್ತು.

ನಮ್ಮದು ಕೇರಳದ ವಯನಾಡಿನಲ್ಲಿ, ಪನಮರಂ ಹತ್ತಿರದ ಜೈನರ ಮನೆ. ಎಂದೋ ಕನ್ನಡ ಸೀಮೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರ ಪೈಕಿ. ಶಾಲೆ, ಕಚೇರಿ, ಬಸ್ಸು ಎಲ್ಲವೂ ಮಲಯಾಳದಲ್ಲಿ. ಮೆಟ್ಟಿಲು ಹತ್ತಿ ಒಳಗೆ ಬಂದರೆ ಕನ್ನಡ. ಅಕ್ಷರ ನನಗೆ ಅತ್ತೆಯಿಂದ ಬಂತು, ಮಾತು ಅಜ್ಜಿಯಿಂದ. ಪುಸ್ತಕ ತರುತ್ತಿದ್ದವರು ಮೆಣಸು ಕೊಳ್ಳಲು ಮೈಸೂರು ಕಡೆಯಿಂದ ಬರುವ ಸಾಹುಕಾರರು. ಒಂದು ಕಟ್ಟು ಕಾದಂಬರಿ ಕೊಟ್ಟು ಹೋಗುವರು. ಮುಂದಿನ ಸಲ ಬಂದಾಗ ನಮಗೆ ಹಿಡಿಸಿದ್ದು ಉಳಿಯುತ್ತಿತ್ತು, ಹಿಡಿಸದ್ದು ವಾಪಸು ಗಾಡಿ ಹತ್ತುತ್ತಿತ್ತು.

ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ನಮ್ಮಲ್ಲಿ ಒಂದು ಪದ್ಧತಿ. ಕಾದಂಬರಿ ಮುಗಿದ ದಿನ ನಡುವೆ ಹಿತ್ತಾಳೆ ತಟ್ಟೆ ಇಡುವುದು. ಮೆಚ್ಚಿದವರು ಅದಕ್ಕೆ ಕಾಫಿಬೀಜ ಹಾಕಬೇಕು, ಮೆಚ್ಚದವರು ಮೆಣಸಿನ ಕಾಳು. ಕೊನೆಗೆ ಹಾಕುವವಳು ಅಜ್ಜಿ, ಮತ್ತು ಅಜ್ಜಿ ಹಾಕಿದ್ದೇ ತೀರ್ಪು. ಪ್ರೀತಿಯ ಕತೆ ಆಗಬಹುದು, ಆದರೆ ರಾಜರ ಕಾಲದ್ದಾಗಿರಬೇಕು, ಒಬ್ಬ ಮುನಿಯೋ ಒಂದು ಬಸದಿಯೋ ಇರಬೇಕು, ಕೇಳಿ ಎದ್ದಾಗ ಮನಸ್ಸಿಗೆ ಒಂದಿಷ್ಟು ಬಲ ಬರಬೇಕು. ಇದು ಅಜ್ಜಿಯ ಕಾನೂನು. ಒಂದು ಕಾದಂಬರಿಗೆ ಅವಳು ಮೆಣಸು ಹಾಕಿದ್ದು ನನಗೆ ಇನ್ನೂ ನೆನಪಿದೆ. "ಈ ರಾಜಕುಮಾರಿಗೆ ಊಟದ ಹೊತ್ತು ಅಂತ ಒಂದಿಲ್ವಾ? ಶುರುವಿಂದ ಬರೀ ಅಳ್ತಾಳೆ. ಉಣ್ಣದವಳು ಇಷ್ಟು ದಿನ ಬದುಕ್ತಾಳಾ?" ದೊಡ್ಡವ್ವನದು ಬೇರೆಯೇ ಲೆಕ್ಕ. "ಗಂಡಿನ ಹೆಸರು ಬಂದ ಕೂಡ್ಲೆ ಮೀಸೆ ಬರ್ಬೇಕು ಕೂಸೇ. ಇವ ಮೂರನೇ ಅಧ್ಯಾಯದಲ್ಲೂ ಬೋಳುಮುಖದಲ್ಲೇ ಅವ್ನೆ!"

ಹೊತ್ತು ಮುಳುಗುವ ಮುಂಚೆ ಊಟ, ಆಮೇಲೆ ಓದಿಲ್ಲ. ದೀಪಕ್ಕೆ ಹುಳ ಬಿದ್ದು ಸಾಯುತ್ತದೆಂದು ಅಜ್ಜಿ ದೀಪ ಹಚ್ಚಲು ಬಿಡುತ್ತಿರಲಿಲ್ಲ.

ಆ ವರ್ಷ ಪೋಲೀಸು ವ್ಯಾನು ನೋಡಿ ನೋಡಿ ನಮಗೆ ರೂಢಿಯಾಗಿತ್ತು. ಕಾಡಿನಲ್ಲಿ ನಕ್ಸಲ್ ಹುಡುಗರಿದ್ದಾರೆ, ಜಮೀನಿನ ಒಡೆಯರಾದ ಜನ್ಮಿಗಳ ಮನೆಗೆ ನುಗ್ಗುತ್ತಾರೆ, ಭೂಮಿ ಉಳುವವನದು ಎನ್ನುತ್ತಾರೆ ಎಂದು ಅಪ್ಪ ಪೇಪರು ಓದಿ ಹೇಳುತ್ತಿದ್ದರು. ನಮ್ಮ ಮನೆಗೂ ಅದರ ಬಿಸಿ ತಟ್ಟಿತ್ತು. ಅತ್ತೆಗೆ ಗೊತ್ತುಮಾಡಿದ್ದ ಗಂಡು ಮುಳ್ಳನ್‌ಕೊಲ್ಲಿಯ ಕಡೆ ಶಾಲೆಯಲ್ಲಿ ಮೇಷ್ಟ್ರು, ಇಲ್ಲಿಯವರ ಬಾಯಲ್ಲಿ ಮಾಷ್. ನಮ್ಮವರೇ, ಸಣ್ಣ ದನಿಯ ಮನುಷ್ಯ. ವೀಳ್ಯ ಬದಲಾಯಿಸಿ ಆಗಿತ್ತು. ಒಬ್ಬ ಜನ್ಮಿ ಕೊಲೆಯಾದ ಮೇಲೆ ಪೋಲೀಸರು ಹಿಡಿದವರಲ್ಲಿ ಅವರೂ ಇದ್ದರು. ಗುಂಪಿನಲ್ಲಿ ನೋಡಿದೆವು ಎಂದರು ಕೆಲವರು, ಕಾಡಿಗೆ ಅಕ್ಕಿ ಕೊಟ್ಟಿದ್ದಷ್ಟೇ ಎಂದರು ಕೆಲವರು. ಕಣ್ಣೂರು ಜೈಲಿನಲ್ಲಿದ್ದಾರೆ ಎಂಬುದೊಂದು ಮಾತ್ರ ಖಚಿತವಾಗಿತ್ತು.

ಅಷ್ಟರಲ್ಲಿ ಗುಂಡ್ಲುಪೇಟೆ ಕಡೆಯಿಂದ ಬೇರೆ ಸಂಬಂಧ ಬಂತು. ಅಪ್ಪ ಅಜ್ಜಿಯ ಕಡೆ ತಿರುಗಿ, "ಅವ್ವ ಹೇಳಿದ ಹಾಗೆ" ಎಂದುಬಿಟ್ಟರು. ಅಜ್ಜಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮನೆಯಲ್ಲಿ ಮಾಷ್ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಓದುತ್ತಿದ್ದಳು ಅಷ್ಟೆ.

ಆ ಕಾದಂಬರಿಯಲ್ಲಿ ಒಬ್ಬ ದಳವಾಯಿ. ಮದುವೆ ನಿಶ್ಚಯವಾದ ಮೇಲೆ ಯುದ್ಧಕ್ಕೆ ಹೋಗುತ್ತಾನೆ. ಸತ್ತನೆಂದು ಸುದ್ದಿ ಬರುತ್ತದೆ. ಹುಡುಗಿಯ ತಂದೆ ಬೇರೆ ಗಂಡು ತರುತ್ತಾನೆ, ಅವಳು ಒಪ್ಪುವುದಿಲ್ಲ. ಬಸದಿಯ ಮೆಟ್ಟಿಲು ಗುಡಿಸಿಕೊಂಡು ವರ್ಷಗಟ್ಟಲೆ ಕಾಯುತ್ತಾಳೆ. ಅಂದು ಅತ್ತೆ ಕೊನೆಯ ಅಧ್ಯಾಯ ಓದಿದಳು. ದಳವಾಯಿ ಕುಂಟುತ್ತ ಬರುತ್ತಾನೆ, ಕತ್ತಿಯನ್ನು ಮುನಿಗಳ ಪಾದದ ಹತ್ತಿರ ಇಡುತ್ತಾನೆ, ಇನ್ನು ಇರುವೆಯನ್ನೂ ತುಳಿಯೆ ಎನ್ನುತ್ತಾನೆ. ಹುಡುಗಿ ಪೊರಕೆ ಕೆಳಗಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಓದುವಾಗ ಅತ್ತೆಯ ದನಿ ಎಲ್ಲೂ ನಡುಗಲಿಲ್ಲ.

ದೊಡ್ಡವ್ವ ಮೂಗೊರೆಸಿಕೊಂಡು ಕಾಫಿಬೀಜ ಹಾಕಿದಳು. "ಕುಂಟ ಆದ್ರೇನು, ಮೀಸೆ ಅದೆ!" ಅವ್ವ ಹಾಕಿದಳು, ನಾನೂ ಹಾಕಿದೆ. ಅಜ್ಜಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು ಒಂದು ಬೀಜ ಹಾಕಿ, "ಕಾದವಳು ಅಂದ್ರೆ ಇವಳು" ಎಂದಳು.

ಆಗ ಅತ್ತೆ ಪುಸ್ತಕ ಮುಚ್ಚದೆ ಅಜ್ಜಿಯನ್ನು ಕೇಳಿದಳು. "ಅವ್ವಾ, ಈ ದಳವಾಯಿ ಎಷ್ಟು ತಲೆ ಕಡಿದ?"

"ಅದು ಯುದ್ಧ, ಮಗ."

"ಕಡಿದದ್ದು ಹೌದಲ್ವಾ?"

"ಹೌದು. ಏನೀಗ?"

"ಇವ ಇಷ್ಟು ಕೊಂದು ಬಂದ್ರೂ ಕಾದವಳು ಒಳ್ಳೆವಳು. ಮಾಷ್ ಕೊಂದದ್ದು ಕಂಡವರೂ ಇಲ್ಲ. ನಾನು ಕಾದ್ರೆ ಏನು ತಪ್ಪು, ಅವ್ವಾ?"

ದೊಡ್ಡವ್ವ ಎಲೆಯಡಿಕೆ ಉಗಿಯಲು ಎದ್ದವಳು ಹಾಗೇ ನಿಂತಳು.

ಅಜ್ಜಿ ತಟ್ಟೆ ನೋಡಿದಳು. ಅಜ್ಜಿಗೆ ಮಗಳ ಮೇಲೆ ಕೋಪವಿರಲಿಲ್ಲ, ಅದನ್ನು ನಾನು ಮುಖ ನೋಡಿದವಳಾಗಿ ಹೇಳಬಲ್ಲೆ. ಅವಳು ಯೋಚಿಸುತ್ತಿದ್ದಳು. ಅತ್ತೆ ಹೇಳಿದ್ದು ಸರಿ ಎಂದು ಅವಳಿಗೆ ಅನಿಸಿಬಿಟ್ಟಿತ್ತು, ಎರಡು ನ್ಯಾಯ ಇರಬಾರದು. ಆಮೇಲೆ ಕೈ ಚಾಚಿ ತನ್ನ ಕಾಫಿಬೀಜ ವಾಪಸು ತೆಗೆದಳು. ಅವ್ವನ ಮೊರದಿಂದ ಒಂದು ಮೆಣಸಿನ ಕಾಳು ಆರಿಸಿ ತಟ್ಟೆಗೆ ಹಾಕಿದಳು.

"ಅಯ್ಯೋ ಪಾಪ!" ಎಂದಳು ದೊಡ್ಡವ್ವ. "ಪುಸ್ತಕ ಏನು ಮಾಡಿತ್ತು?"

"ಪುಸ್ತಕ ನನ್ನ ಕಣ್ಣು ತಪ್ಪಿಸಿತ್ತು" ಎಂದಳು ಅಜ್ಜಿ. "ರಕ್ತ ಅಂದ್ರೆ ರಕ್ತವೇ. ರಾಜರ ಕಾಲದ್ದು ಬೇರೆ, ಈಗಿಂದು ಬೇರೆ ಅಂತ ಇಲ್ಲ. ಕೂಸು ಇವತ್ತು ಸರಿಯಾಗಿ ತೋರಿಸ್ತು."

ತನ್ನ ವಾದ ಗೆದ್ದದ್ದರಿಂದಲೇ ಸೋತವಳನ್ನು ನಾನು ಅವತ್ತು ಬಿಟ್ಟರೆ ಬೇರೆ ನೋಡಿಲ್ಲ. ಅತ್ತೆ ಇನ್ನೊಂದು ಮಾತು ಆಡಬಹುದಿತ್ತು. ಮಾಷ್ ಕೈಯಲ್ಲಿ ರಕ್ತವಿಲ್ಲ ಎಂದು ಕೂಗಿ ಹೇಳಬಹುದಿತ್ತು. ಆದರೆ ಅದು ಅವಳಿಗೂ ಗೊತ್ತಿರಲಿಲ್ಲ. ಅವಳು ಪುಸ್ತಕಕ್ಕೆ ಬಟ್ಟೆ ಸುತ್ತಿ ಒಳಗಿಟ್ಟು, ಅಂಗಳಕ್ಕಿಳಿದು ಕಾಫಿ ರಾಶಿ ಮಾಡತೊಡಗಿದಳು. "ಬಾ, ಆ ಮೂಲೆಯ ಕಾಫಿ ನೀನು ಎಳಿ" ಎಂದು ನನ್ನನ್ನು ಕರೆದಳು. ಆಮೇಲೆ ಎಲ್ಲರೂ ಉಂಡೆವು. ಅತ್ತೆಯೂ ಉಂಡಳು.

ಸಾಹುಕಾರರು ಬಂದಾಗ ದಳವಾಯಿ ವಾಪಸು ಹೋದ. ಅದೇ ಗಾಡಿಯಲ್ಲಿ ಗುಂಡ್ಲುಪೇಟೆಗೆ ಅಪ್ಪನ ಒಪ್ಪಿಗೆಯೂ ಹೋಯಿತು. ಬೇಸಿಗೆಯಲ್ಲಿ ಕಲ್ಯಾಣವಾಯಿತು. ಪೊನ್‌ಕುಳಿ ದಾಟಿ ಕಾಡಿನ ರಸ್ತೆಯಲ್ಲಿ ಜೀಪು ಹೋಗುವವರೆಗೆ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದಳು. ಗಡಿಯ ಹತ್ತಿರ ನನ್ನನ್ನು ಇಳಿಸಿ ಅಪ್ಪನ ಜೊತೆ ವಾಪಸು ಕಳಿಸಿದರು. ಆಮೇಲೆ ಜಗಲಿಯಲ್ಲಿ ಓದು ನಡೆಯಲಿಲ್ಲ. ನನಗೆ ಓದಲು ಬರುತ್ತಿತ್ತು, ಓದು ಎಂದು ಅಜ್ಜಿ ಹೇಳಲಿಲ್ಲ.

ಮರುವರ್ಷ ಗದ್ದೆಯಲ್ಲಿ ನಾಟಿ ನಡೆಯುವಾಗ ಮಾಷ್ ಬಂದರು. ಕೋರ್ಟು ಅವರನ್ನು ಬಿಟ್ಟುಬಿಟ್ಟಿತ್ತು. ಅವರ ಮೇಲೆ ಸಾಕ್ಷಿ ಹೇಳಲು ಒಬ್ಬರೂ ಬಂದಿರಲಿಲ್ಲವಂತೆ. ಅವರು ಜಗಲಿಯ ಅಂಚಿಗೆ ಕೂತರು. ಅಪ್ಪ ಅತ್ತೆಯ ಮದುವೆಯ ವಿಷಯ ಹೇಳಿದರು. ಅವರು "ಸರಿ, ಸರಿ" ಎಂದರು. ಅಜ್ಜಿ ತಾನೇ ಮಜ್ಜಿಗೆ ತಂದು ಕೊಟ್ಟಳು. ಅವರು ಲೋಟ ಕೆಳಗಿಟ್ಟು, ಯಾವ ಕ್ಲಾಸು ಎಂದು ನನ್ನನ್ನು ಕೇಳಿ, ಕೊಡೆ ಬಿಚ್ಚಿಕೊಂಡು ಪನಮರಂ ಬಸ್ಸಿಗೆ ನಡೆದರು.