ಕೆಂಪು ಸ್ಕೂಟರ್ ಮುಖ ಮಾಡಿದ ಕಡೆಗೆ

ಹೊರಡುವ ಹಿಂದಿನ ದಿನ ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದೆ: ‘ಅವರು ತೆಗೆದ ಫೋಟೋ ನೋಡಿ ದಾರಿ ತಪ್ಪಿದವರಲ್ಲಿ ನಾನೂ ಒಬ್ಬಳು. ಅದನ್ನು ಹೇಳದೆ ಪತ್ರಿಕೆಗೆ ಅವರ ಬಗ್ಗೆ ಬರೆದರೆ ಬರೆದದ್ದೆಲ್ಲ ಅರ್ಧ ಸುಳ್ಳು. ಹೇಳಿದರೆ ಅವರ ಮುಖ ಹೇಗಾಗುತ್ತದೋ. ಮೊದಲೇ ನನಗೆ ಹೊಸಬರ ಎದುರು ಬಾಯಿ ಬರುವುದಿಲ್ಲ. ಹನ್ನೆರಡು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಈ ಮಾತು ಮಾತ್ರ ಹಾಳೆಯಲ್ಲಿಲ್ಲ.’

ಭಾನುವಾರ, ಬೆಳಗಿನ ಆರೂಕಾಲು. ಶಿವಗಂಗೆ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ಬಿದ್ದಿದೆ. ಮುದ್ದನಪಾಳ್ಯದ ರಸ್ತೆಗೆ ಇನ್ನೂ ಇಳಿದಿಲ್ಲ. ಹಾಲಿನ ಡೈರಿಗೆ ಹೋಗುವ ತಿರುವಿನಲ್ಲಿ ವಾಣಿಶ್ರೀ ತಮ್ಮ ಕೆಂಪು ಸ್ಕೂಟರನ್ನು ನಿಲ್ಲಿಸುತ್ತಿದ್ದಾರೆ. ನಿಲ್ಲಿಸಿ ಹತ್ತು ಹೆಜ್ಜೆ ಹಿಂದಕ್ಕೆ ಬರುತ್ತಾರೆ, ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಮತ್ತೆ ಹೋಗಿ ಹ್ಯಾಂಡಲ್ಲನ್ನು ಒಂದಿಷ್ಟು ಎಡಕ್ಕೆ ಎಳೆಯುತ್ತಾರೆ. ಡೈರಿಯ ಹೊಸ ಬೋರ್ಡು, ಅದರ ಕೆಳಗಿನ ಮಣ್ಣಿನ ದಾರಿ, ದಾರಿಯ ಕಡೆ ಮುಖ ಮಾಡಿದ ಸ್ಕೂಟರ್. ಮೂರೂ ಒಂದೇ ಚೌಕಟ್ಟಿಗೆ ಬಂದ ಮೇಲೆ ಮೊಬೈಲ್ ಎತ್ತುತ್ತಾರೆ.

“ಏಳು ಗಂಟೆ ಆಯ್ತು ಅಂದ್ರೆ ಬೋರ್ಡ್ ಮುಂದೆ ಹೂವಿನ ಟೆಂಪೋ ನಿಂತ್ಬಿಡ್ತದೆ ಕಣಮ್ಮ. ಆಮೇಲೆ ಬೋರ್ಡೂ ಇಲ್ಲ, ದಾರೀನೂ ಇಲ್ಲ, ಬರೀ ಟೆಂಪೋ. ಅದ್ಕೇ ಇಷ್ಟೊತ್ತಿಗೇ ಬರ್ತೀನಿ,” ಎನ್ನುತ್ತಾರೆ. ನನ್ನ ಮೊದಲ ಪ್ರಶ್ನೆಯನ್ನು ನಾನಿನ್ನೂ ಕೇಳಿಯೇ ಇಲ್ಲ.

ವಾಣಿಶ್ರೀ ಅವರಿಗೆ ನಲವತ್ತಾರು. ಹದಿನೇಳು ವರ್ಷಗಳಿಂದ ಇಲ್ಲಿನ ಅಂಚೆ ಹಂಚುವ ಕೆಲಸ. ಐದು ಹಳ್ಳಿ, ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್. ಊರವರಿಗೆಲ್ಲ ಅವರು ‘ಪೋಸ್ಟಕ್ಕ’. ಚೀಲದಲ್ಲಿ ಪತ್ರಗಳು ಈಗ ಕಡಿಮೆ. ಬ್ಯಾಂಕಿನ ಕಾರ್ಡು, ಕೋರ್ಟಿನ ನೋಟಿಸು, ವೃದ್ಧರ ಪಿಂಚಣಿ ಕೊಡಲು ಬೆರಳು ಒತ್ತಿಸುವ ಯಂತ್ರ ಇವೇ ಹೆಚ್ಚು. ಇದು ಅವರಿಗೆ ಸಂಬಳ ಬರುವ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸ, ಸುತ್ತಮುತ್ತಲ ದಾರಿಗಳ ಫೋಟೋ ತೆಗೆದು ಆನ್‌ಲೈನ್ ಮ್ಯಾಪಿಗೆ ಹಾಕುವುದು. ಈವರೆಗೆ ಹಾಕಿರುವುದು ಸಾವಿರದ ನಾನ್ನೂರ ಅರವತ್ತು ಫೋಟೋ.

ಶುರುವಾದದ್ದು ಸಿಟ್ಟಿನಿಂದಂತೆ. “ಕೊರಿಯರ್ ಹುಡುಗ್ರು, ಸಾಲದೋರು, ಮದುವೆ ಕಾರ್ಡ್ ಹಂಚೋರು, ಎಲ್ರಿಗೂ ನನ್ ನಂಬರ್ ಗೊತ್ತು. ದಿನಕ್ಕೆ ಇಪ್ಪತ್ ಸಲ ಫೋನು. ಅಕ್ಕ ಲೆಫ್ಟಾ ರೈಟಾ, ಅಕ್ಕ ಲೆಫ್ಟಾ ರೈಟಾ. ಒಂದಿನ ರೇಗೋಯ್ತು. ತಿರುವಲ್ಲಿ ಗಾಡಿ ನಿಲ್ಸಿ ಫೋಟೋ ಹೊಡ್ದು ಮ್ಯಾಪಿಗೆ ಹಾಕ್ದೆ. ಸ್ಕೂಟರ್ ಮೂತಿ ಯಾವ ಕಡೆಗಿದ್ಯೋ ಆ ಕಡೆ ತಿರುಗ್ರಪ್ಪ, ನನ್ನ ಬಿಡ್ರಪ್ಪ ಅಂದೆ.”

ಅಂದಿನಿಂದ ಅದೇ ಪದ್ಧತಿ. ಬಾಣದ ಗುರುತಿಲ್ಲ, ವಿವರಣೆಯಿಲ್ಲ. ಪ್ರತಿ ಫೋಟೋದಲ್ಲೂ ಕೆಂಪು ಸ್ಕೂಟರ್ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಓದು ಬಾರದವರೂ ನೋಡಿ ತಿಳಿಯಬಹುದು.

ಒಂದರಲ್ಲಿ ಮಾತ್ರ ಸ್ಕೂಟರ್ ಇಲ್ಲ. ಅದು ಶಿವಗಂಗೆಯ ಸೂರ್ಯೋದಯದ್ದು, ಸುಮ್ಮನೆ ಚೆಂದ ಕಂಡಿತೆಂದು ತೆಗೆದದ್ದು. ಅದನ್ನು ಈವರೆಗೆ ಹನ್ನೊಂದು ಲಕ್ಷ ಜನ ನೋಡಿದ್ದಾರೆ. ಆ ಮಾತು ಬಂದಾಗಲೆಲ್ಲ ಅವರ ಪತಿ, ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಬೀರೇಶ್, ಬಾಯಿ ಹಾಕದೆ ಇರುವುದಿಲ್ಲ. “ಹನ್ನೊಂದು ಲಕ್ಷ ಜನ ಮೇಡಂ! ಒಬ್ಬನಾದ್ರೂ ಬಂದು ಒಂದು ಟೀ ಕೊಡಿಸ್ಲಿಲ್ಲ ಇವಳಿಗೆ.”

“ಬೆಟ್ಟ ಯಾರಿಗ್ ಕಾಣಲ್ಲ ಹೇಳಿ? ಅದ್ಕೆ ಫೋಟೋ ಯಾಕ್ ಬೇಕು?” ಎನ್ನುತ್ತಾರೆ ವಾಣಿಶ್ರೀ. ಅವರು ಲೆಕ್ಕವಿಡುವುದು ಬೇರೆ ಎರಡು ಫೋಟೋಗಳದ್ದು.

ಆ ಲೆಕ್ಕ, ಫೋಟೋ ಮುಗಿಸಿ ನಾವು ಬಂದ ಅವರ ಮನೆಯ ಅಡುಗೆಮನೆಯಲ್ಲಿ, ಬಾಗಿಲ ಹಿಂದೆ ನೇತುಹಾಕಿದ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿನ ಮೇಲಿದೆ. ಎರಡು ಸಾಲು: ‘ಹಳೇದು’, ‘ಹೊಸದು’. ಎರಡೂ ಮುದ್ದನಪಾಳ್ಯದ ಆರೋಗ್ಯ ಕೇಂದ್ರಕ್ಕೆ ಹೋಗುವ ದಾರಿಯವು. ಎರಡನ್ನೂ ತೆಗೆದವರು ವಾಣಿಶ್ರೀಯೇ. ಹಳೆಯದರಲ್ಲಿ ಸ್ಕೂಟರ್ ರೈಲ್ವೆ ಗೇಟಿನ ಕಡೆ ಮುಖ ಮಾಡಿದೆ, ಹೊಸದರಲ್ಲಿ ಅಂಡರ್‌ಪಾಸಿನ ಕಡೆ. ಏಳು ವರ್ಷದ ಹಿಂದೆ ಗೇಟಿನ ದಾರಿಯೇ ದಾರಿಯಾಗಿತ್ತು. ಆಮೇಲೆ ಅಂಡರ್‌ಪಾಸ್ ಆಯಿತು, ಗೇಟಿನ ಜಾಗದಲ್ಲಿ ರೈಲು ಕಂಬಿಗಳನ್ನು ಅಡ್ಡ ನೆಟ್ಟು ದಾರಿ ಮುಚ್ಚಿದರು. ಫೋಟೋ ಮಾತ್ರ ಮ್ಯಾಪಿನಲ್ಲಿ ಉಳಿಯಿತು.

ತೆಗೆದುಹಾಕಬಹುದಿತ್ತಲ್ಲ ಎಂದು ಕೇಳುತ್ತೇನೆ. ಇದು ನನ್ನ ಹಾಳೆಯ ಐದನೆಯ ಪ್ರಶ್ನೆ.

“ಆ ಫೋನು ನೀರಿನ ಸಂಪೊಳಗೆ ಬಿದ್ದೋಯ್ತು ಕಣಮ್ಮ. ಸಿಮ್ಮೂ ಹೋಯ್ತು, ಪಾಸ್‌ವರ್ಡೂ ನೆನಪಿಲ್ಲ. ಹೊಸ ಫೋನಲ್ಲಿ ಹೊಸ ಅಕೌಂಟ್ ಮಾಡ್ಕೊಂಡೆ. ಈಗ ಆ ಹಳೇ ವಾಣಿಶ್ರೀ ಬೇರೆ, ನಾನು ಬೇರೆ. ಅವಳು ಮಾಡಿದ್ದನ್ನ ಅಳಿಸೋ ಹಕ್ಕು ನಂಗಿಲ್ಲ.” ಫೋಟೋ ತಪ್ಪೆಂದು ನಾಲ್ಕು ಸಲ ಬರೆದು ತಿಳಿಸಿದ್ದಾರೆ. ಅದು ನಿಜವಾದ ಜಾಗದ ನಿಜವಾದ ಫೋಟೋ, ತೆಗೆಯಲು ಕಾರಣವಿಲ್ಲ ಎಂಬ ಉತ್ತರ ಬಂದಿದೆ.

ಆ ಫೋಟೋದಿಂದ ಆಗುತ್ತಿದ್ದ ಅನಾಹುತ ಅವರಿಗೆ ತಿಳಿದದ್ದು ಮೂರು ವರ್ಷದ ಹಿಂದೆ, ಮುಚ್ಚಿದ ಗೇಟಿನ ಪಕ್ಕದ ಮನೆಗೆ ರಿಜಿಸ್ಟರ್ ಪತ್ರ ಕೊಡಲು ಹೋದಾಗ. ಆ ಮನೆಯ ರುಕ್ಮಿಣಮ್ಮ ಸಹಿ ಹಾಕುತ್ತಲೇ ಬೈಯತೊಡಗಿದರು: “ಯಾವನೋ ಸ್ಕೂಟರ್ ನಿಲ್ಸಿ ಫೋಟೋ ಹಾಕವ್ನಂತೆ ಪೋಸ್ಟಕ್ಕ, ಅವನ ಕೈಗಿಷ್ಟು ಬೆಂಕಿ ಹಾಕ! ಆಸ್ಪತ್ರೆ ಅಂತ ಬಂದು ನಮ್ಮನೆ ಮುಂದೆ ಗಾಡಿ ತಿರುಗಿಸ್ತಾರೆ. ಮೊನ್ನೆ ಒಬ್ಬಳು ತುಂಬು ಬಸುರಿ, ಆಟೋದಲ್ಲಿ ಹಲ್ಲು ಕಚ್ಕೊಂಡು ಕೂತಿದ್ಲು.”

“ನನ್ ಸ್ಕೂಟರ್ ಅಲ್ಲೇ ಬಾಗ್ಲಲ್ಲಿ ನಿಂತಿತ್ತು,” ಎನ್ನುತ್ತಾರೆ ವಾಣಿಶ್ರೀ. “ಅದೇ ಕೆಂಪು, ಅದೇ ಮೂತಿ. ಅವ್ರಿಗೆ ಹೊಳೀಲಿಲ್ಲ. ನಂಗೆ ಬಾಯಿ ಬರ್ಲಿಲ್ಲ. ಸಹಿ ಹಾಕಿಸ್ಕೊಂಡು ಬಂದ್ಬಿಟ್ಟೆ. ಊಟ ಸೇರ್ಲಿಲ್ಲ. ಮಾರನೇ ದಿನ ಕಾಗ್ದ ಇಲ್ದೇ ಇದ್ರೂ ಹೋದೆ. ಅದು ನನ್ ಸ್ಕೂಟರ್ ರುಕ್ಮಿಣಮ್ಮ, ಆ ಕೈ ನಂದೇ ಅಂದೆ.”

ನಾನು ಬರೆಯುವುದನ್ನು ನಿಲ್ಲಿಸಿ ಕೇಳುತ್ತೇನೆ. ಇದು ಹಾಳೆಯಲ್ಲಿಲ್ಲದ ಪ್ರಶ್ನೆ: “ಅವರು ಏನಂದ್ರು?”

“ಅಯ್ಯೋ ಪಾಪಿ, ಒಳೀಕ್ ಬಾ, ಕಾಫಿ ಕುಡಿ ಅಂದ್ರು. ಬೈದಿದ್ದನ್ನ ಮಾತ್ರ ವಾಪಸ್ ತಗೊಳ್ಳಲಿಲ್ಲ!”

ಆ ಕಾಫಿಯ ನಂತರ ಸ್ಪರ್ಧೆ ಶುರುವಾಯಿತು. ಹೆಚ್ಚು ಜನ ನೋಡಿದ ಫೋಟೋವನ್ನೇ ಮ್ಯಾಪು ಮೊದಲು ತೋರಿಸುತ್ತದೆಂಬುದು ಅವರ ಅಂದಾಜು. ಅಳಿಸಲಾಗದ ಫೋಟೋವನ್ನು ಹಿಂದೆ ಹಾಕುವುದೊಂದೇ ಉಪಾಯ. ಮೊದಲು ತೆಗೆದ ಹೊಸ ಫೋಟೋ ಮಧ್ಯಾಹ್ನದ್ದು. ಬಿಸಿಲು ಎದುರಿಗೆ, ಅಂಡರ್‌ಪಾಸ್ ಕಪ್ಪು ಗುಹೆಯ ಹಾಗೆ. ನಾಲ್ಕು ತಿಂಗಳಲ್ಲಿ ನೋಡಿದವರು ಇನ್ನೂರ ಹನ್ನೆರಡು ಜನ. ಅದನ್ನು ಅಳಿಸಿದರು. ಹದಿನೆಂಟು ಬೆಳಗು ಬೇರೆ ಬೇರೆ ಜಾಗದಲ್ಲಿ ನಿಂತು ನೋಡಿದರು. ಕೊನೆಗೆ ಅಂಡರ್‌ಪಾಸಿನ ಆಚೆಗಿರುವ ಆರೋಗ್ಯ ಕೇಂದ್ರದ ಬೋರ್ಡೂ ಕಾಣುವಂತೆ ತೆಗೆದದ್ದೇ ಈಗಿನ ‘ಹೊಸದು’. ಅದನ್ನು ಹಾಕಿದ ದಿನ ಹಳೆಯದನ್ನು ಆಗಲೇ ಹದಿಮೂರು ಸಾವಿರ ಸಲ ಜನ ನೋಡಿಯಾಗಿತ್ತು. ಅಂದಿನಿಂದ ಪ್ರತಿ ಭಾನುವಾರ ಎಂಟು ಗಂಟೆಗೆ ಎರಡೂ ಫೋಟೋಗಳ ವೀಕ್ಷಣೆಯ ಸಂಖ್ಯೆಯನ್ನು ಕ್ಯಾಲೆಂಡರಿನ ಬೆನ್ನಿಗೆ ಇಳಿಸುತ್ತಾರೆ.

“ಮೊದ್ಲು ಒಟ್ಟು ನೋಡ್ಕೊಂಡು ಅಳ್ತಿದ್ಲು,” ಎಂದು ಬೀರೇಶ್ ಕೀಟಲೆ ಮಾಡುತ್ತಾರೆ. “ತಾನು ತೆಗೆದ ಫೋಟೋನ ಜನ ನೋಡ್ತಾರೆ ಅಂತ ಅಳೋ ಹೆಂಗಸು ಲೋಕದಲ್ಲಿ ಇವಳೊಬ್ಬಳೇ.”

“ನೀವ್ ಸುಮ್ನಿರಿ. ಆಮೇಲೆ ಗೊತ್ತಾಯ್ತು ಕಣಮ್ಮ, ಒಟ್ಟು ನೋಡಬಾರ್ದು. ವಾರಕ್ಕೆ ಎಷ್ಟು ಏರ್ತು ಅಂತ ನೋಡ್ಬೇಕು. ಒಟ್ಟು ಅಂದ್ರೆ ಹೋದ ಕಾಲ. ಏರಿಕೆ ಅಂದ್ರೆ ಈ ವಾರ ಯಾರು ಎಲ್ಲಿಗ್ ಹೋಗ್ತಾವ್ರೆ ಅಂತ.”

ಅವರು ಹೊಸದನ್ನು ತಾವಾಗಿ ಒಮ್ಮೆಯೂ ತೆರೆದು ನೋಡುವುದಿಲ್ಲ. ತಾವೇ ನೋಡಿದ್ದು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ತಿಳಿಯದು, ಆದರೂ ಇಲ್ಲ. ಸಂಖ್ಯೆಗಳ ಪಟ್ಟಿಯನ್ನಷ್ಟೇ ಇಣುಕಿ ನೋಡಿ ಮುಚ್ಚುತ್ತಾರೆ. ಮೇಲಾಗಿ ಅವರ ಬಳಿ ಸಂಖ್ಯೆಗಿಂತ ಗಟ್ಟಿಯಾದ ಇನ್ನೊಂದು ಲೆಕ್ಕವಿದೆ. ಅದು ರುಕ್ಮಿಣಮ್ಮನ ಡಬ್ಬಿ. ಮನೆ ಮುಂದೆ ದಾರಿ ತಪ್ಪಿ ಬಂದು ಒಂದು ಗಾಡಿ ತಿರುಗಿದರೆ ಡಬ್ಬಿಗೆ ಒಂದು ಹುಣಸೆ ಬೀಜ. ಒಳಗೆ ರೊಟ್ಟಿ ತಟ್ಟುತ್ತಿದ್ದರೂ ಎಂಜಿನ್ನಿನ ಸದ್ದಿಗೇ ಅವರಿಗೆ ತಿಳಿಯುತ್ತದೆ. ಭಾನುವಾರ ವಾಣಿಶ್ರೀ ಹೋಗಿ ಎಣಿಸಿ, ಡಬ್ಬಿ ಖಾಲಿ ಮಾಡಿ ಬರುತ್ತಾರೆ.

“ಜನವರೀಲಿ ಒಂದು ವಾರ ಹನ್ನೊಂದು ಬೀಜ,” ಎಂದು ಕ್ಯಾಲೆಂಡರಿನಲ್ಲಿ ಆ ಜಾಗ ತೋರಿಸುತ್ತಾರೆ. ಪಕ್ಕದಲ್ಲಿ ಹಳೆಯದು ಮೂವತ್ತು ಸಾವಿರ, ಹೊಸದು ಹದಿನಾರು ಸಾವಿರದ ನಾನ್ನೂರು. “ಹನ್ನೊಂದು ಮನೆಯೋರು ಕಣಮ್ಮ. ಯಾರಿಗೆ ಏನ್ ಕಾಯಿಲೆನೋ. ಅವತ್ತೇ ಅಂದ್ಕೊಂಡೆ, ಕಾಯ್ಕೊಂಡ್ ಕೂತ್ರೆ ಆಗಲ್ಲ ಅಂತ.”

ಅಂದಿನಿಂದ ಪಿಂಚಣಿ ಕೊಡಲು ಹೋದ ಪ್ರತಿ ಮನೆಯಲ್ಲೂ ಯಂತ್ರ ಬೆರಳು ಗುರುತಿಸುವಷ್ಟು ಹೊತ್ತಿನಲ್ಲಿ ಮನೆಯವರ ಮೊಬೈಲಿನಲ್ಲಿ ಹೊಸ ಫೋಟೋ ತೆರೆಸುತ್ತಾರೆ. ‘ಪರವೂರಿನ ನೆಂಟರಿಗೆಲ್ಲ ಕಳಿಸಿ. ಸ್ಕೂಟರ್ ಅಂಡರ್‌ಪಾಸ್ ಕಡೆ ನೋಡ್ತಿರೋದು ಸರಿ, ಕಂಬಿ ಕಡೆ ನೋಡ್ತಿರೋದು ತಪ್ಪು’ ಎಂದು ಹೇಳಿ, ಅದನ್ನೇ ಅವರ ಬಾಯಲ್ಲಿ ವಾಪಸ್ ಹೇಳಿಸುತ್ತಾರೆ. ಯುಗಾದಿಗೆ ಮುಂಚೆಯೇ ವಾರದ ಏರಿಕೆಯಲ್ಲಿ ಹೊಸದು ಮುಂದೆ ಹೋಯಿತು. ನಿಧಾನವಾಗಿ ಒಟ್ಟಿನ ಅಂತರವೂ ಕರಗಿತು. ಹೋದ ಭಾನುವಾರ ಹಳೆಯದು 31,906, ಹೊಸದು 31,811. ಉಳಿದದ್ದು ತೊಂಬತ್ತೈದು.

ಎಂಟು ಗಂಟೆಗೆ ಬೀರೇಶ್ ಗಿರಣಿಯ ಬಾಗಿಲು ತೆರೆಯದೆ ಅಡುಗೆಮನೆಯಲ್ಲೇ ನಿಂತಿದ್ದಾರೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಯಾರೂ ನೋಡುತ್ತಿಲ್ಲ. ವಾಣಿಶ್ರೀ ಮೊದಲು ಹಳೆಯದನ್ನು ಬರೆಯುತ್ತಾರೆ: 31,938. ಆಮೇಲೆ ಹೊಸದರ ಪಟ್ಟಿ ತೆರೆಯುತ್ತಾರೆ. ಬರೆಯುವುದಿಲ್ಲ. ಫೋನನ್ನು ಬೀರೇಶರ ಕೈಗೆ ಕೊಡುತ್ತಾರೆ.

“ಮೂವತ್ತೆರಡು ಸಾವಿರದ… ನೂರಾ ಐವತ್ತೇಳು,” ಎಂದು ಅವರು ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ. “ಲೇ ವಾಣಿ! ಗೆದ್ದೆ ಕಣೇ! ನಿನ್ನ ನೀನೇ ಸೋಲಿಸ್ಬಿಟ್ಟೆ!”

ಹಾಲು ಒಲೆಯ ಮೇಲೆಲ್ಲ ಚೆಲ್ಲಿ ಹೋಗುತ್ತದೆ. ವಾಣಿಶ್ರೀ ನಗುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಂಡು ಸಂಖ್ಯೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಮರುಗಳಿಗೆಯಲ್ಲೇ, “ಹಳೇದನ್ನ ಈ ವಾರ ಇನ್ನೂ ಮೂವತ್ತೆರಡು ಜನ ನೋಡವ್ರೆ. ಡಬ್ಬಿ ನೋಡೋವರ್ಗೂ ಗೆದ್ದೆ ಅನ್ನಲ್ಲ,” ಎಂದು ಸ್ಕೂಟರಿನ ಕೀಲಿ ತೆಗೆದುಕೊಳ್ಳುತ್ತಾರೆ. ನಾನು ಹಿಂದೆ ಕೂರುತ್ತೇನೆ. ಸಾವಿರಾರು ಜನ ನೋಡಿರುವ ಸ್ಕೂಟರಿನ ಸೀಟು ಒಂದು ಕಡೆ ಹರಿದಿದೆ.

ಮುಚ್ಚಿದ ಗೇಟು ನಾನು ಕಂಡಿದ್ದ ಹಾಗೆಯೇ ಇದೆ. ಅಡ್ಡ ನೆಟ್ಟ ಕಂಬಿಗಳು, ಅವುಗಳ ಬುಡದಲ್ಲಿ ಹುಲ್ಲು. ರುಕ್ಮಿಣಮ್ಮ ಜಗುಲಿಯ ಮೇಲೆ ಡಬ್ಬಿ ಹಿಡಿದೇ ಕೂತಿದ್ದಾರೆ. ನಮ್ಮನ್ನು ಕಂಡವರೇ ಡಬ್ಬಿಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾರೆ. ಸದ್ದಿಲ್ಲ. ಮುಚ್ಚಳ ತೆಗೆದು ಬೋರಲು ಹಾಕುತ್ತಾರೆ. ಒಂದೂ ಬೀಜ ಬೀಳುವುದಿಲ್ಲ.

“ಏಳು ದಿನ, ಒಂದ್ ಗಾಡೀನೂ ಬರ್ಲಿಲ್ಲ ಕಣೇ ಪೋಸ್ಟಕ್ಕ. ನಂಗೇ ಬೇಜಾರು, ಮಾತಾಡ್ಸಕ್ ಯಾರೂ ಇಲ್ಲ! ತಗೋ, ಇವತ್ತು ನನ್ ಬೈಗುಳಾನೂ ವಾಪಸ್ ತಗೊಂಡಿದೀನಿ.”

ಮೂರು ವರ್ಷದಲ್ಲಿ ಇಡೀ ವಾರ ಡಬ್ಬಿ ಖಾಲಿಯೇ ಉಳಿದದ್ದು ಇದೇ ಮೊದಲು. ಹಳೆಯದನ್ನು ನೋಡಿದ ಮೂವತ್ತೆರಡು ಜನ ಪಕ್ಕದಲ್ಲಿ ಹೊಸದನ್ನೂ ನೋಡಿ, ಸರಿಯಾದ ಕಡೆಗೆ ತಿರುಗಿರಬೇಕು. ವಾಣಿಶ್ರೀ ಡಬ್ಬಿಯೊಳಗೆ ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಜಗುಲಿಗೆ ಒರಗಿ, ಹದಿನೇಳು ವರ್ಷದ ಸುತ್ತಾಟವನ್ನೆಲ್ಲ ಅಲ್ಲಿಯೇ ಇಳಿಸಿದವರಂತೆ ಕಾಲು ಚಾಚಿ ಕೂರುತ್ತಾರೆ.

ಹನ್ನೆರಡನೆಯ ಪ್ರಶ್ನೆ ಕೇಳುತ್ತೇನೆ: ಇನ್ನೇನು ಆಸೆ ಇದೆ?

“ಆಸೆ ಏನಮ್ಮ. ಮೂವತ್ತೆರಡು ಸಾವಿರ ಅಂತ ಬರೀತೀನಿ, ಅದ್ರಲ್ಲಿ ಒಬ್ರ ಮುಖಾನೂ ನೋಡಿಲ್ಲ. ಒಬ್ರು, ಒಬ್ಬರೇ ಒಬ್ರು ಎದುರಿಗೆ ಸಿಕ್ಕಿ, ತಲುಪಿದ್ವಿ ಅಂದ್ರೆ ಸಾಕು. ಆ ಹನ್ನೊಂದು ಜನ ಏನಾದ್ರೋ ಅಂತ ಈಗ್ಲೂ ಅನ್ಸುತ್ತೆ.”

ನನ್ನ ಹಾಳೆಯಲ್ಲಿ ಪ್ರಶ್ನೆಗಳು ಮುಗಿದಿವೆ. ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕುತ್ತೇನೆ. ಮಾರನೇ ದಿನ ಕಾಗದವಿಲ್ಲದೆಯೂ ಈ ಬಾಗಿಲಿಗೆ ಬಂದು ನಿಂತಿದ್ದವರು ಪಕ್ಕದಲ್ಲೇ ಕೂತಿದ್ದಾರೆ.

“ಅಕ್ಕ,” ಎನ್ನುತ್ತೇನೆ. ದನಿ ನನಗೇ ಗುರುತು ಸಿಗದಷ್ಟು ಜೋರಾಗಿ ಬರುತ್ತದೆ. “ಆ ಹನ್ನೊಂದರಲ್ಲಿ ಒಂದು ಬೀಜ ನಮ್ಮದು. ಜನವರೀಲಿ ಆ ವಾರಾನೇ ಗೃಹಪ್ರವೇಶಕ್ಕೆ ಅಂತ ಈ ಕಡೆ ಬಂದಿದ್ವಿ, ನಮ್ಮಜ್ಜಿ ಅಮ್ಮಯಮ್ಮಂಗೆ ಉಸಿರು ಕಟ್ತು. ನಿಮ್ಮ ಹಳೇ ಫೋಟೋ ನೋಡ್ಕೊಂಡು ಇದೇ ಕಂಬಿ ಹತ್ರ ಬಂದು ನಿಂತ್ವಿ. ಅಳ್ತಾ ಮುಂದಿನ ಫೋಟೋಗೆ ಸರಿಸಿದೆ, ಅದ್ರಲ್ಲಿ ಕೆಂಪು ಸ್ಕೂಟರ್ ಅಂಡರ್‌ಪಾಸ್ ಕಡೆ ನೋಡ್ತಿತ್ತು. ತಲುಪಿದ್ವಿ ಅಕ್ಕ. ಅಜ್ಜಿ ಚೆನ್ನಾಗಿದಾರೆ.”