ಹೆಸರು ಹೇಳದ ಮನೆ

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡಿದೆ, ನೋಡಿ. ಅತ್ತೆಯವರ ಕಾಲದಿಂದಲೂ ಅಲ್ಲಿ ದೀಪ ಇಡುತ್ತ ಬಂದಿದ್ದೇವೆ. ಈಗ ದೀಪ ಕೊಂಚ ಸರಿದು ಕೂತಿದೆ. ಪಕ್ಕದಲ್ಲಿ ಅಂಗೈಯಗಲದ ಕರಿ ಡಬ್ಬಿಯೊಂದು ಹಸಿರು ಕಣ್ಣು ಮಿಟುಕಿಸುತ್ತಿದೆ. ಮೊಮ್ಮಗಳು ರೂಪಾ ತಂದಿಟ್ಟ ಅದಕ್ಕೆ ಸರ್ವರ್ ಎನ್ನುತ್ತಾರಂತೆ. ಕೊಪ್ಪಳದ ಖಾನಾವಳಿಯಲ್ಲಿ ರೊಟ್ಟಿ ಬಡಿಸುವ ಸರ್ವರ್ ಗೊತ್ತಿದ್ದ. ಮಾತು ಬಡಿಸುವ ಸರ್ವರ್ ಕೂಡ ಉಂಟೆಂದು ತಿಳಿದದ್ದು ಈಗಲೇ.

ನನ್ನ ಕಿವಿ ಮಂದವಾಗಿ ಬಹಳ ಕಾಲವಾಯಿತು. ಎದುರಿಗೆ ಕೂತವರ ತುಟಿ ನೋಡಿ ಮಾತು ಹಿಡಿಯುತ್ತೇನೆ, ಫೋನಿಗೆ ತುಟಿಯೆಲ್ಲಿದೆ? ಕಾರಟಗಿಯ ತಂಗಿ ಗೌರಿ ಕೂಗಿ ಕೂಗಿ ದಣಿದು, ಕೊನೆಗೆ ಫೋನು ಮಾಡುವುದನ್ನೇ ಬಿಟ್ಟಳು. ಒಂದೇ ಕೌದಿ ಹೊದ್ದು ಮಲಗಿ ಬೆಳೆದವರ ನಡುವೆ ಮಾತೇ ನಿಂತುಹೋಗಿತ್ತು. ನನಗೆ ಬರುವುದು ಕೂಡಿಸಿ ಕೂಡಿಸಿ ಓದುವಷ್ಟು ಅಕ್ಷರ. ಅಷ್ಟು ಸಾಕೆಂದಳು ರೂಪಾ: ಊರ ಮಂದಿಯ ಗದ್ದಲವಿಲ್ಲದ, ನಮ್ಮವರಷ್ಟೇ ಬರೆದುಕೊಳ್ಳುವ ದಪ್ಪಕ್ಷರದ ಪುಟ, ಮಾತೆಲ್ಲ ಉಳಿಯುವುದು ನಮ್ಮ ಗೂಡಿನ ಡಬ್ಬಿಯಲ್ಲೇ.

ಕಂಪ್ಯೂಟರಿನಲ್ಲಿ ಆ ಪುಟ ತೆರೆದಳು. ಅದು ಮೊದಲು ಕೇಳಿದ್ದು, ಯಾವ ಸರ್ವರ್ ಎಂದು.

"ಅಂದ್ರ ಯಾರ ಮನಿ ಅಂತ ಕೇಳತೈತಿ, ಅಜ್ಜಿ. ಅಜ್ಜನ ಹೆಸರ ಇಟ್ಟೀನಿ, ಒತ್ತು."

ಗಂಡನ ಹೆಸರು! ನಾನು ಒಂದೊಂದೇ ಅಕ್ಷರ ಹುಡುಕಿ 'ನಮ್ಮ ಮನಿಯವರು' ಎಂದು ಒತ್ತಿದೆ. ಅಂಥ ಸರ್ವರೇ ಇಲ್ಲವೆಂದಿತು ಪುಟ.

ಹೊರಸಿನ ಮೇಲೆ ಅಡ್ಡಾಗಿದ್ದ ಇವರು ಬಿದ್ದು ಬಿದ್ದು ನಕ್ಕರು. "ಸರ್ವರ್ ಆದ್ರೂ ಇಕಿಗೆ ನಾ ಸಿಗಲಿಲ್ಲ ನೋಡವ್ವ! ಬಾಯಿಗೆ ಶಾಸ್ತ್ರ ಐತಿ, ಬೆರಳಿಗೇನೈತಿ? ಬರಿ."

ಬೆರಳೂ ನನ್ನದೇ ಅಲ್ಲವೇ, ನಾಚಿತು. ರೂಪಾ ನಗುತ್ತಲೇ ಆ ಹೆಸರನ್ನು ಪುಟದ ಒಳಗಿನ ಸೆಟ್ಟಿಂಗಿನಲ್ಲಿ ಬರೆದಿಟ್ಟು, ಮೇಲೆ ಕಾಣುವಲ್ಲಿ 'ನಮ್ಮ ಮನಿ' ಎಂದಷ್ಟೇ ಮೂಡಿಸಿದಳು. ಇನ್ನು ಅದು ಕೇಳುವುದೂ ಬೇಡ, ನಾನು ಹೇಳುವುದೂ ಬೇಡ. ಮುದುಕಿಯ ನಾಚಿಕೆಗೂ ಯಂತ್ರದಲ್ಲಿ ಜಾಗ ಮಾಡಿದ ಆ ಮಗುವಿಗೆ ಯಾವ ಹರಕೆ ಸಾಲೀತು?

ರೂಪಾ ಗೌರಿಗೆ ಫೋನು ಮಾಡಿ ಎಲ್ಲ ಹೇಳಿ, ಪುಟ ತೆರೆಯುವುದನ್ನೂ ಕಲಿಸಿದಳು. ಸ್ವಲ್ಪ ಹೊತ್ತಿಗೆ ಗೌರಿಯ ಅಕ್ಷರ ಮೂಡಿತು: "ಅಕ್ಕಾ, ಕೇಳಸ್ತೇನ?"

ಕಣ್ಣೊರೆಸಿಕೊಂಡು ಒತ್ತಿದೆ: "ಕೇಳಸ್ತವ್ವಾ."

"ಮಾಮನ ಹೆಸರ ನಾ ಒತ್ತಿ ಒಳಗ ಬಂದೀನಿ. ನೀ ಪುಕ್ಕಟೆ ಬಂದಿಯೇನ? ಒಡಪು ಹೇಳು!"

ನಮ್ಮಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲೇ ತಡೆಯುತ್ತಾರೆ. ಗಂಡನ ಹೆಸರನ್ನು ಪದದಲ್ಲಿ ಹೆಣೆದು ಒಡಪು ಹೇಳಿದರಷ್ಟೇ ಒಳಗೆ ಬಿಡುತ್ತಾರೆ. ಹೆಸರು ಕೇಳಿ ಬಾಗಿಲು ತೆರೆಯುವ ವಿದ್ಯೆಯನ್ನು ಈ ಯಂತ್ರಕ್ಕೆ ನಮ್ಮ ಹೆಂಗಸರೇ ಕಲಿಸಿರಬೇಕು! ಈಗ ತಂಗಿಯೇ ಹೊಸ್ತಿಲು ತಡೆದು ನಿಂತಿದ್ದಳು, ಬರೆದೆ:

"ಗೂಡಿನಾಗ ದೀಪ ಹಚ್ಚೀನಿ, ಬೆಳಕು ಬಂತು ಅಂಗಳದಾಗ;
ಶರಣಪ್ಪನವರ ಹೆಸರು ಬರದೀನಿ, ತಂಗಿ ಬಂದ್ಲು ಮನಿಯಾಗ."

ಇವರು ಹೊರಸಿನಿಂದ ಎದ್ದು ಬಂದು, ಕನ್ನಡಕ ಏರಿಸಿ, ತಮ್ಮ ಹೆಸರನ್ನು ನೋಡುತ್ತ ನಿಂತರು.

ಸಂಜೆ ಗೂಡಿನ ಮುಂದೆ ನಿಂತು ಬತ್ತಿ ಸರಿಮಾಡಿದೆ. ಇಷ್ಟು ವರ್ಷ ಅಲ್ಲಿ ನಿಂತು ದೇವರಲ್ಲಿ ಕೇಳಿಕೊಳ್ಳುತ್ತಿದ್ದೆ. ಈಗ ಅಲ್ಲಿಂದ ತಂಗಿಯ ಮಾತು ಕೇಳಿಸುತ್ತದೆ.